ಗೇರುಬೀಜದ ಸಿಪ್ಪೆಯಿಂದ ಜೀನುಗಳ ಅಧ್ಯಯನಕ್ಕೆ: ಅನಕಾರ್ಡಿಕ್ ಆಮ್ಲದ ಚರಿತ್ರೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಗೇರುಬೀಜದ ಬೆಲೆ ಕಟ್ಟುವುದು ತಿರುಳು ನೋಡಿ. ಇಡಿ ತಿರುಳಿಗೆ ಒಂದು ದರ, ಹೋಳಿಗೆ ಇನ್ನೊಂದು, ನುಚ್ಚಿಗೆ ಮತ್ತೊಂದು. ಆದರೆ ಒಳ್ಳೆಯ ತಳಿಯಲ್ಲೂ ಬೀಜದ ತೂಕದಲ್ಲಿ ತಿರುಳಿನ ಪಾಲು ಸುಮಾರು ಶೇ. 30 ಮಾತ್ರ; ಉಳಿದದ್ದು ಬಹುತೇಕ ಸಿಪ್ಪೆ. ಬೀಜದ ಕಾರ್ಖಾನೆಯ ಹಿಂಭಾಗದಲ್ಲಿ ರಾಶಿ ಬೀಳುವ ಈ ಸಿಪ್ಪೆಯೊಳಗಿನ ಎಣ್ಣೆಯ ಮುಖ್ಯ ಘಟಕ ಅನಕಾರ್ಡಿಕ್ ಆಮ್ಲ. ಜೀವಕೋಶದಲ್ಲಿ ಜೀನುಗಳು ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಅರಿಯಲು ಜಗತ್ತಿನ ಹಲವು ಪ್ರಯೋಗಶಾಲೆಗಳು ಇದನ್ನು ಬಳಸಿವೆ. ಈ ಬಳಕೆಗೆ ದಾರಿ ತೆರೆದದ್ದು ಬೆಂಗಳೂರಿನ ಒಂದು ಪ್ರಯೋಗಶಾಲೆ. ಗೇರು ಬೆಳೆಯುವ ನಮ್ಮ ಊರುಗಳಲ್ಲಿ ಈ ಚರಿತ್ರೆಗೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ ಎಂಬುದು ನನ್ನ ನಿಲುವು.

ಗೇರು ಇಲ್ಲಿಯ ಮೂಲದ ಮರವಲ್ಲ. ಈಶಾನ್ಯ ಬ್ರೆಜಿಲಿನ ಈ ಮರವನ್ನು 16ನೇ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. 1578ರಲ್ಲಿ ಪುಸ್ತಕ ಪ್ರಕಟಿಸಿದ ವೈದ್ಯ ಕ್ರಿಸ್ತೊವಾವೊ ದ ಕೋಸ್ಟಾ ಕೊಚ್ಚಿಯ ತೋಟಗಳಲ್ಲಿ ಇದನ್ನು ಕಂಡದ್ದಾಗಿ ಬರೆದಿದ್ದಾನೆ. ಡಚ್ಚರ ಕಾಲದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಮೂರನೆಯ ಸಂಪುಟದಲ್ಲಿ ಇದರ ಚಿತ್ರವೂ ವಿವರಣೆಯೂ ಇವೆ. ಕುಂದಾಪುರದ ಪಕ್ಕದ ಬಸ್ರೂರು ಆಗ ಅಕ್ಕಿಯ ರಫ್ತಿಗೆ ಹೆಸರಾದ ಬಂದರು. ಪೋರ್ಚುಗೀಸರ ಬಾಯಲ್ಲಿ ಬಾರ್ಸೆಲೋರ್. 1569ರಲ್ಲಿ ಅವರು ಅಲ್ಲಿಯ ಕೋಟೆಯನ್ನು ಹಿಡಿದರು. ಗೋವಾ, ಬಸ್ರೂರು, ಕೊಚ್ಚಿಗಳ ನಡುವೆ ಹಡಗುಗಳ ಓಡಾಟ ನಿತ್ಯದ್ದಾಗಿದ್ದ ಕಾಲವದು. ಜಂಬಿಟ್ಟಿಗೆಯ ಗುಡ್ಡೆ, ಬೋಳು ಹಕ್ಕಲು, ಮರಳು ನೆಲ ಎನ್ನದೆ ಬೇರುಬಿಡುವ ಗೇರು ಕರಾವಳಿಯ ಹಾಡಿಗಳಲ್ಲಿ ಊರ ಮರವೇ ಆಗಿಹೋಯಿತು.

ಬೀಜದ ಸಿಪ್ಪೆಯನ್ನು ಅಡ್ಡ ಸೀಳಿ ನೋಡಿದರೆ ಮೂರು ಪದರ ಕಾಣುತ್ತದೆ. ಹೊರಗೆ ಚರ್ಮದಂಥ ಹೊದಿಕೆ, ಒಳಗೆ ಗಟ್ಟಿ ಕವಚ, ನಡುವೆ ಜೇನುಹಟ್ಟಿಯಂತೆ ಗೂಡುಗೂಡಾದ ಮೆದು ಭಾಗ. ಆ ಗೂಡುಗಳಲ್ಲಿ ಕಂದು ಬಣ್ಣದ ದಪ್ಪ ಎಣ್ಣೆ ತುಂಬಿರುತ್ತದೆ. ಹಸಿ ಬೀಜ ಕೊಯ್ದು ತಿರುಳು ತೆಗೆದವರೆಲ್ಲರಿಗೂ ಇದರ ಪರಿಚಯವಿದೆ: ತಾಗಿದಲ್ಲಿ ಚರ್ಮ ಸುಟ್ಟು, ಕಪ್ಪಾಗಿ, ಕೆಲವು ದಿನಗಳಲ್ಲಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಮಾವಿನ ಸೊನೆ, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ರಸ, ಇವೆಲ್ಲ ಒಂದೇ ಸಸ್ಯ ಕುಟುಂಬದವು. ಬೀಜ ಒಡೆಯುವ ಹೆಂಗಸರು ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಸವರಿಕೊಂಡು ಕೂರುತ್ತಿದ್ದದ್ದು ಇದಕ್ಕಾಗಿಯೇ. ಹುಳ, ಗೆದ್ದಲು ಹತ್ತಿರ ಸುಳಿಯುವುದಿಲ್ಲವೆಂದು ಕರಾವಳಿಯ ಮೀನುಗಾರರು ದೋಣಿಯ ಮರಕ್ಕೂ ಬಲೆಗೂ ಇದೇ ಎಣ್ಣೆ ಬಳಿದರು. ಈ ಎಣ್ಣೆಗೆ ಜೀವಿಗಳ ಮೇಲೆ ಗಾಢ ಪರಿಣಾಮವಿದೆ ಎಂಬುದು ಒಡೆಯುವ ಕೈಗಳಿಗೂ ಮೀನುಗಾರರಿಗೂ ರಸಾಯನಶಾಸ್ತ್ರಕ್ಕಿಂತ ಮೊದಲೇ ಗೊತ್ತಿತ್ತು.

ಎಣ್ಣೆಯಿಂದ ಆಮ್ಲವನ್ನು ಬೇರ್ಪಡಿಸಿ ಹೆಸರಿಟ್ಟವನು ಜರ್ಮನಿಯ ಗೆಯೋರ್ಗ್ ಷ್ಟೇಡೆಲರ್, 1847ರಲ್ಲಿ. ರಚನೆ ಖಚಿತವಾಗಲು ಮುಕ್ಕಾಲು ಪಾಲು ಶತಮಾನಕ್ಕಿಂತ ಹೆಚ್ಚೇ ಹಿಡಿಯಿತು. 1941ರಲ್ಲಿ ಬ್ಯಾಕರ್ ಮತ್ತು ಹಾಕ್ ಅದನ್ನು ಇತ್ಯರ್ಥಪಡಿಸಿದರು. ಆಸ್ಪಿರಿನ್ ಮಾತ್ರೆಯ ಮೂಲವಾದ ಸ್ಯಾಲಿಸಿಲಿಕ್ ಆಮ್ಲಕ್ಕೆ 15 ಇಂಗಾಲದ ಉದ್ದನೆಯ ಬಾಲ ಅಂಟಿಸಿದರೆ ಅನಕಾರ್ಡಿಕ್ ಆಮ್ಲ. ಬಾಲದಲ್ಲಿ ಜೋಡಿಬಂಧ ಇಲ್ಲದಿರಬಹುದು, ಒಂದು, ಎರಡು ಅಥವಾ ಮೂರು ಇರಬಹುದು. ಹಾಗಾಗಿ ಪ್ರಕೃತಿಯಲ್ಲಿ ಸಿಗುವುದು ಒಂದೇ ವಸ್ತುವಲ್ಲ, ಅಣ್ಣತಮ್ಮಂದಿರ ಮಿಶ್ರಣ. ತಲೆಭಾಗ ನೀರಿಗೆ ಒಲಿಯುತ್ತದೆ, ಬಾಲ ಕೊಬ್ಬಿಗೆ. ಜೀವಕೋಶದ ಪೊರೆ, ಪ್ರೋಟೀನುಗಳ ಜೊತೆ ಇದು ಸುಲಭವಾಗಿ ತಗುಲಿಕೊಳ್ಳಲು ಈ ಎರಡು ಗುಣಗಳೂ ಕಾರಣ.

20ನೇ ಶತಮಾನದ ಮೊದಲರ್ಧದಲ್ಲಿ ಮಂಗಳೂರು, ಕೊಲ್ಲಂಗಳಲ್ಲಿ ಬೇರುಬಿಟ್ಟ ಗೇರು ಉದ್ಯಮ ಮುಂದೆ ಕುಂದಾಪುರದ ಸುತ್ತಮುತ್ತಲೂ ಹಬ್ಬಿತು. ಸಿಪ್ಪೆಯ ಎಣ್ಣೆಗೂ ಗಿರಾಕಿ ಸಿಕ್ಕಿತು: ವಾರ್ನಿಷ್, ಬಣ್ಣ, ವಾಹನಗಳ ಬ್ರೇಕ್ ಲೈನಿಂಗ್. ಆದರೆ ಉದ್ಯಮ ಕೊಂಡದ್ದು ಅನಕಾರ್ಡಿಕ್ ಆಮ್ಲವನ್ನಲ್ಲ. ತಣ್ಣಗೆ ತೆಗೆದ ಎಣ್ಣೆಯಲ್ಲಿ ಈ ಆಮ್ಲ ಶೇ. 60ರಿಂದ 65ರಷ್ಟಿರುತ್ತದೆ. ಹಳೆಯ ಪದ್ಧತಿಯಂತೆ ಬೀಜವನ್ನು 190 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಎಣ್ಣೆಯಲ್ಲಿ ಹುರಿದಾಗ ಆಮ್ಲದಿಂದ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ ಉಳಿಯುವುದು ಕಾರ್ಡನಾಲ್. ಅಂದರೆ ಮುಂದೆ ಜೀವವಿಜ್ಞಾನಕ್ಕೆ ಬೇಕಾಗಲಿದ್ದ ವಸ್ತು ಹಂಡೆಯಲ್ಲೇ ನಾಶವಾಗುತ್ತಿತ್ತು. ಹಬೆಯಲ್ಲಿ ಬೇಯಿಸುವ ಪದ್ಧತಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಹಬೆಯ ಶಾಖ ಅಷ್ಟು ತೀವ್ರವಲ್ಲದ್ದರಿಂದ ಸಿಪ್ಪೆಯಲ್ಲಿ ಆಮ್ಲದ ಬಹುಭಾಗ ಉಳಿಯುತ್ತದೆ. ಈ ಬದಲಾವಣೆಯ ಮಹತ್ವವನ್ನು ಉದ್ಯಮದ ಚರಿತ್ರೆ ಬರೆಯುವವರು ಗಮನಿಸಬೇಕು.

1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇಸಾವೊ ಕುಬೊ ಮತ್ತು ಸಂಗಡಿಗರು ಹಲ್ಲು ಹುಳುಕಿಗೆ ಕಾರಣವಾಗುವ ಬ್ಯಾಕ್ಟೀರಿಯಾವನ್ನು ಈ ಆಮ್ಲ ಕೊಲ್ಲುತ್ತದೆಂದು ತೋರಿಸಿದ್ದರು. ದೊಡ್ಡ ತಿರುವು ಬಂದದ್ದು ಬೆಂಗಳೂರಿನಲ್ಲಿ, ಎರಡು ಹೆಜ್ಜೆಗಳಲ್ಲಿ.

ಮೊದಲನೆಯದು 2001ರದು. ವಿಠಲ ಮಲ್ಯ ವೈಜ್ಞಾನಿಕ ಸಂಶೋಧನಾ ಪ್ರತಿಷ್ಠಾನದ ಆರ್. ಪರಮಶಿವಪ್ಪ ಮತ್ತು ಸಹೋದ್ಯೋಗಿಗಳು ಆಮ್ಲವನ್ನು ಶುದ್ಧವಾಗಿ ಬೇರ್ಪಡಿಸುವ ಸರಳ ವಿಧಾನ ಪ್ರಕಟಿಸಿದರು. ಎಣ್ಣೆಯನ್ನು ನೀರು ಬೆರೆತ ಮೆಥನಾಲಿನಲ್ಲಿ ಕರಗಿಸಿ, ಅದಕ್ಕೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಅರಳಿದ ಸುಣ್ಣವನ್ನೇ, ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹದವಾದ ಶಾಖದಲ್ಲಿ ಕಲಕಬೇಕು. ಆಮ್ಲ ಮಾತ್ರ ಸುಣ್ಣದೊಡನೆ ಕೂಡಿ ಗಟ್ಟಿ ಲವಣವಾಗಿ ತಳ ಸೇರುತ್ತದೆ. ಎಣ್ಣೆಯ ಉಳಿದ ಘಟಕಗಳಾದ ಕಾರ್ಡಾಲ್, ಕಾರ್ಡನಾಲ್‌ಗಳು ದ್ರವದಲ್ಲೇ ಉಳಿಯುತ್ತವೆ. ಲವಣವನ್ನು ಸೋಸಿ, ತೊಳೆದು, ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಅನಕಾರ್ಡಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅಗ್ಗದ ಸಾಮಗ್ರಿ, ಸಾಧಾರಣ ಪ್ರಯೋಗಶಾಲೆಯಲ್ಲೂ ಮಾಡಬಹುದಾದ ಕೆಲಸ.

ಎರಡನೆಯ ಹೆಜ್ಜೆ 2003ರದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಹಿಸ್ಟೋನ್ ಅಸಿಟೈಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವಗಳ ಮೇಲೆ ಕೆಲಸ ಮಾಡುತ್ತಿತ್ತು. ನಮ್ಮ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾಗಿದ್ದರೆ ಜೀನನ್ನು ಓದಲಾಗದು. ಈ ಕಿಣ್ವಗಳು ಹಿಸ್ಟೋನಿಗೆ ಅಸಿಟೈಲ್ ಗುಂಪನ್ನು ಅಂಟಿಸಿದಾಗ ಸುತ್ತು ಸಡಿಲಾಗಿ ಜೀನು ಓದಿಗೆ ತೆರೆದುಕೊಳ್ಳುತ್ತದೆ. ಪಿ300 ಇಂಥ ಒಂದು ಮುಖ್ಯ ಕಿಣ್ವ. ಅದು ಹದ ತಪ್ಪಿದರೆ ಕ್ಯಾನ್ಸರ್‌ನಂಥ ರೋಗಗಳಿಗೆ ದಾರಿ. ಕಿಣ್ವದ ಪಾತ್ರ ತಿಳಿಯಬೇಕಾದರೆ ಅದನ್ನು ತಡೆದು ನೋಡಬೇಕು. ಆವರೆಗೆ ಇದ್ದ ಲೈಸಿಲ್-ಕೋಎ ಎಂಬ ಕೃತಕ ತಡೆಕಾರಿ ತಾನಾಗಿ ಜೀವಕೋಶದೊಳಗೆ ಹೋಗುತ್ತಿರಲಿಲ್ಲ.

ತಂಡದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶುದ್ಧೀಕರಿಸಿದ ಹಿಸ್ಟೋನಿಗೆ ಪಿ300 ಸೇರಿಸಿ, ವಿಕಿರಣದ ಗುರುತಿರುವ ಅಸಿಟೈಲ್ ಮೂಲವನ್ನು ಕೊಟ್ಟರು. ಹಿಸ್ಟೋನಿಗೆ ಎಷ್ಟು ವಿಕಿರಣ ಅಂಟಿತೋ ಅಷ್ಟು ಕಿಣ್ವ ಕೆಲಸ ಮಾಡಿದೆ ಎಂದರ್ಥ. ಗೇರುಸಿಪ್ಪೆಯ ಆಮ್ಲ ಬೆರೆಸಿದಾಗ ಆ ಗುರುತು ಕುಸಿಯಿತು, ಸುಮಾರು 8.5 ಮೈಕ್ರೊಮೋಲಾರ್ ಸಾಂದ್ರತೆಯಲ್ಲೇ ಪಿ300ನ ಕೆಲಸ ಅರ್ಧಕ್ಕಿಳಿಯಿತು. ಇದಾದ ಮೇಲೆ ನಡೆಸಿದ ಪರೀಕ್ಷೆಯೇ ನನ್ನ ಮಟ್ಟಿಗೆ ನಿರ್ಣಾಯಕ. ಬರಿಯ ಡಿಎನ್‌ಎ ಕೊಟ್ಟಾಗ ಜೀನಿನ ಓದಿಗೆ ಆಮ್ಲದಿಂದ ಯಾವ ಅಡ್ಡಿಯೂ ಆಗಲಿಲ್ಲ. ಹಿಸ್ಟೋನಿಗೆ ಸುತ್ತಿದ ಡಿಎನ್‌ಎ ಕೊಟ್ಟಾಗ ಓದು ನಿಂತುಹೋಯಿತು. ಆಮ್ಲ ಸಿಕ್ಕಸಿಕ್ಕದ್ದನ್ನೆಲ್ಲ ಕೆಡಿಸುತ್ತಿಲ್ಲ, ಅಸಿಟೈಲ್ ಅಂಟಿಸುವ ಹಂತವನ್ನೇ ತಡೆಯುತ್ತಿದೆ ಎಂಬುದಕ್ಕೆ ಇದು ಪುರಾವೆ.

ಅದೇ ಪ್ರಬಂಧದಲ್ಲಿ ಇನ್ನೂ ಒಂದು ಅಚ್ಚರಿಯಿತ್ತು. ಈ ಆಮ್ಲವನ್ನೇ ಕಚ್ಚಾವಸ್ತುವಾಗಿಟ್ಟು ರೂಪಿಸಿದ ಸಿಟಿಪಿಬಿ ಎಂಬ ಸಂಯುಕ್ತ ಪಿ300 ಅನ್ನು ತಡೆಯುವ ಬದಲು ಚುರುಕುಗೊಳಿಸಿತು. ಮರುವರ್ಷ, 2004ರಲ್ಲಿ, ಅದೇ ತಂಡ ಮುರುಗಲಿನ ಸಿಪ್ಪೆಯ ಗಾರ್ಸಿನಾಲ್ ಮತ್ತು ಅರಿಸಿನದ ಕರ್ಕ್ಯುಮಿನ್ ಕೂಡ ಇಂಥ ತಡೆಕಾರಿಗಳೆಂದು ತೋರಿಸಿತು. ಬೇಸಿಗೆಯಲ್ಲಿ ನಾವು ಪಾನಕ ಮಾಡಿ ಕುಡಿಯುವ ಮುರುಗಲು ಬೈಂದೂರಿನ ಘಟ್ಟದ ಬುಡದಲ್ಲಿ ತಾನಾಗಿ ಬೆಳೆಯುವ ಮರ. ಒಂದೇ ಸೀಮೆಯ ಎರಡು ಸಿಪ್ಪೆಗಳು ಒಂದೇ ಪ್ರಶ್ನೆಗೆ ಉಪಕರಣಗಳಾದವು.

ಆಮೇಲಿನ ಹರಹು ದೊಡ್ಡದು. 2006ರಲ್ಲಿ ಬಾಸ್ಟನ್ನಿನ ಬ್ರೆಂಡನ್ ಪ್ರೈಸ್ ತಂಡ, ಈ ಆಮ್ಲ ಕೊಟ್ಟ ಗೆಡ್ಡೆಯ ಕೋಶಗಳು ವಿಕಿರಣಕ್ಕೆ ಬೇಗ ಮಣಿಯುತ್ತವೆಂದು ಕಂಡಿತು. 2009ರಲ್ಲಿ ಜಪಾನಿನ ಸಂಶೋಧಕರು ಸುಮೋ ಎಂಬ ಪುಟ್ಟ ಪ್ರೋಟೀನು ಬೇರೆ ಪ್ರೋಟೀನುಗಳಿಗೆ ಅಂಟುವುದನ್ನೂ ಇದು ತಡೆಯುತ್ತದೆಂದರು. ಸಿಟಿಪಿಬಿಯಿಂದ ಕವಲೊಡೆದ ಟಿಟಿಕೆ21 ಎಂಬ ಸಂಯುಕ್ತವನ್ನು ಇಂಗಾಲದ ಅತಿಸೂಕ್ಷ್ಮ ಗೋಳಗಳಿಗೆ ಕೂಡಿಸಿ ಮೆದುಳಿಗೆ ತಲುಪಿಸಿದಾಗ ಇಲಿಗಳ ನೆನಪು ಹೆಚ್ಚು ಕಾಲ ಉಳಿಯಿತು. ಇದು ಬೆಂಗಳೂರು ಮತ್ತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ತಂಡಗಳು 2013ರಲ್ಲಿ ಪ್ರಕಟಿಸಿದ ಫಲಿತಾಂಶ. 2022ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಿಮೋನೆ ದಿ ಜೊವಾನ್ನಿ ತಂಡ, ಬೆನ್ನುಹುರಿಗೆ ತೀವ್ರ ಪೆಟ್ಟಾಗಿ ವಾರಗಳೇ ಕಳೆದ ಪ್ರಾಣಿಗಳಲ್ಲಿ ಅದೇ ಟಿಟಿಕೆ21ರಿಂದ ನರತಂತುಗಳು ಮತ್ತೆ ಚಿಗುರುವುದನ್ನು ವರದಿ ಮಾಡಿತು.

ಇದನ್ನೆಲ್ಲ ಹೇಳುವಾಗ ಮಿತಿಯನ್ನೂ ಸ್ಪಷ್ಟವಾಗಿ ಹೇಳಬೇಕು. ಅನಕಾರ್ಡಿಕ್ ಆಮ್ಲ ಔಷಧಿಯಲ್ಲ. ಜೀವಕೋಶದೊಳಗೆ ಸಲೀಸಾಗಿ ನುಗ್ಗುವುದಿಲ್ಲ. ಒಂದಲ್ಲ, ಹಲವು ಕಿಣ್ವಗಳಿಗೆ ತಗುಲಿಕೊಳ್ಳುತ್ತದೆ. 2017ರಲ್ಲಿ ಪಿ300ಕ್ಕೆ ಗುರಿಯಿಟ್ಟ ಎ-485 ಎಂಬ ತಡೆಕಾರಿ ಬಂದ ಮೇಲೆ ನಿಖರ ಪ್ರಯೋಗಗಳಿಗೆ ಅದೇ ಹೆಚ್ಚು ಸೂಕ್ತ. ಆದರೂ ಇಂಥ ಕಿಣ್ವವನ್ನು ಸಣ್ಣ ಅಣುವಿನಿಂದ ತಡೆಯಬಹುದು, ಅಣುವನ್ನು ತಿದ್ದಿ ಚುರುಕುಗೊಳಿಸಲೂಬಹುದು ಎಂಬ ದಾರಿಯನ್ನು ತೋರಿಸಿದ್ದು ಗೇರುಸಿಪ್ಪೆ. ಓದುಗರಲ್ಲಿ ಒಂದು ಎಚ್ಚರಿಕೆಯ ಮಾತು: ಕ್ಯಾನ್ಸರ್‌ಗೆ ಮದ್ದೆಂದು ಯಾರೇ ಹೇಳಿದರೂ ಸಿಪ್ಪೆಯ ಎಣ್ಣೆಯನ್ನು ಬಾಯಿಗೆ ಹಾಕಬೇಡಿ, ಮೈಗೆ ಹಚ್ಚಬೇಡಿ.

ಇನ್ನು ನಮ್ಮ ಊರಿನ ಮಾತು. ಉಳ್ಳಾಲ, ಪುತ್ತೂರುಗಳ ತಳಿಗಳನ್ನು ಅಳೆಯುವುದು ಬೀಜದ ತೂಕ, ತಿರುಳಿನ ಪ್ರಮಾಣ, ಮರದ ಇಳುವರಿಯಿಂದ. ರೈತನಿಗೆ ಅದು ಬೇಕು, ಸರಿಯೇ. ಅದೇ ಪಟ್ಟಿಗೆ ಸಿಪ್ಪೆಯ ಎಣ್ಣೆ ಮತ್ತು ಅದರಲ್ಲಿನ ಅನಕಾರ್ಡಿಕ್ ಆಮ್ಲದ ಪ್ರಮಾಣವನ್ನೂ ಸೇರಿಸಬೇಕು. ಬ್ರಹ್ಮಾವರದಲ್ಲಿ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ. ಕುಂದಾಪುರದಲ್ಲಿ 1963ರಿಂದ ನಡೆಯುತ್ತಿರುವ ಭಂಡಾರ್ಕಾರ್ಸ್ ಕಾಲೇಜಿದೆ. ಪಕ್ಕದ ಮಣಿಪಾಲದಲ್ಲಿ ಸುಸಜ್ಜಿತ ಜೀವವಿಜ್ಞಾನ ಪ್ರಯೋಗಶಾಲೆಗಳಿವೆ. ಸುಣ್ಣ, ಮೆಥನಾಲ್, ಸೋಸುವ ಕಾಗದ ಇಟ್ಟುಕೊಂಡು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಮಾಡಬಹುದಾದ ಅಳತೆ ಇದು. ಸ್ಥಳೀಯ ಕಾರ್ಖಾನೆಗಳು ಹಬೆಯಲ್ಲಿ ಬೆಂದ ಸಿಪ್ಪೆಯ ಮಾದರಿಗಳನ್ನು ಕೊಡಲಿ, ಕಾಲೇಜುಗಳು ತಳಿವಾರು ಅಳೆದು ಫಲಿತಾಂಶವನ್ನು ಕನ್ನಡದಲ್ಲೂ ಪ್ರಕಟಿಸಲಿ.