ಕಾಲೇಜಿಗಿಂತ ಮೊದಲಿನ ಧಾರವಾಡ

ಧಾರವಾಡವನ್ನು ವಿದ್ಯಾಕಾಶಿಯೆಂದು ಕರೆಯುವುದು ರೂಢಿಯಾಗಿದೆ. ಹಾಗೆ ಕರೆಯುವವರನ್ನು ಕಾರಣವೇನೆಂದು ಕೇಳಿದರೆ ಮೊದಲು ಕರ್ನಾಟಕ ಕಾಲೇಜಿನ ಕಡೆಗೆ ಕೈದೋರುವರು. ಆಮೇಲೆ ವಿಶ್ವವಿದ್ಯಾಲಯದ ಗುಡ್ಡದ ಕಡೆಗೆ. ಆ ಎರಡು ಸಂಸ್ಥೆಗಳ ಹಿರಿಮೆಯನ್ನು ಅಲ್ಲಗಳೆಯುವ ಉದ್ದೇಶವು ನನಗಿಲ್ಲ. ಆದರೆ ಕಾಲಾನುಕ್ರಮವನ್ನು ಎದುರಿಗಿಟ್ಟುಕೊಂಡು ನೋಡಿದವರಿಗೆ ಈ ಉತ್ತರದಲ್ಲಿ ಒಂದು ದೋಷವು ಕಾಣದೆ ಇರದು. ಕರ್ನಾಟಕ ಕಾಲೇಜು ಆರಂಭವಾದುದು 1917ರಲ್ಲಿ. ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದು 1890ರ ಜುಲೈ 20ರಂದು. ನಡುವಿನ ಇಪ್ಪತ್ತೇಳು ವರುಷ ಈ ಊರು ಸುಮ್ಮನೆ ಕುಳಿತಿತ್ತೆ? ಪಾಠಶಾಲೆಯಲ್ಲಿ ನಮಗೆ ಬೀಜಾಂಕುರ ನ್ಯಾಯವನ್ನು ಹೇಳಿಕೊಡುವಾಗ, ಬೀಜ ಮೊದಲೋ ಮೊಳಕೆ ಮೊದಲೋ ಎಂಬುದಕ್ಕೆ ಕೊನೆಯಿಲ್ಲವೆಂದು ಗುರುಗಳು ಹೇಳುತ್ತಿದ್ದರು. ಧಾರವಾಡದ ಮಟ್ಟಿಗೆ ಆ ತೊಡಕಿಲ್ಲ. ಇಲ್ಲಿ ಬೀಜ ಯಾವುದು, ಮೊಳಕೆ ಯಾವುದು ಎಂಬುದಕ್ಕೆ ತಾರೀಖುಗಳೇ ಸಾಕ್ಷಿ.

ಸಂಘಕ್ಕಿಂತಲೂ ಹಿಂದೆ ಹೋಗಬೇಕು. 1818ರಲ್ಲಿ ಪೇಶವೆಯರ ಆಳಿಕೆ ಮುಗಿದ ಮೇಲೆ ಈ ಸೀಮೆ ಇಂಗ್ಲಿಷರ ಕೈಸೇರಿ ಮುಂಬಯಿ ಇಲಾಖೆಗೆ ಒಳಪಟ್ಟಿತು. ಮನೆಯಲ್ಲಿ ಕನ್ನಡವನ್ನಾಡುವ ಮಗು ಶಾಲೆಯಲ್ಲಿ ಮರಾಠಿಯನ್ನು ಓದುವ ವಿಪರೀತ ಸ್ಥಿತಿಯು ಬಹುಕಾಲ ನಡೆಯಿತು. ಅದನ್ನು ತಿದ್ದುವುದರಲ್ಲಿ ಮುಂದಾದವರು ಡೆಪ್ಯುಟಿ ಚನ್ನಬಸಪ್ಪನವರು. 1834ರಲ್ಲಿ ಧಾರವಾಡದಲ್ಲಿಯೇ ಹುಟ್ಟಿ 1881ರಲ್ಲಿ ತೀರಿಕೊಂಡ ಅವರ ಆಯುಷ್ಯವು ಐವತ್ತನ್ನು ಮುಟ್ಟಲಿಲ್ಲ. ಇಷ್ಟರೊಳಗೆ ಶಿಕ್ಷಕರನ್ನು ತಯಾರಿಸುವ ಶಾಲೆಯ ಹೊಣೆಯನ್ನು ಹೊತ್ತು, ಶಿಕ್ಷಣ ಖಾತೆಯ ಡೆಪ್ಯುಟಿಯಾಗಿ ಊರೂರು ತಿರುಗಿ, ಕನ್ನಡ ಶಾಲೆಗಳನ್ನು ನಿಲ್ಲಿಸಿದರು. ಹುದ್ದೆಯ ಹೆಸರೇ ಅವರ ಮನೆತನದ ಹೆಸರೆಂಬಂತೆ ಜನರ ಬಾಯಲ್ಲಿ ಉಳಿದುಬಿಟ್ಟಿತು. ಆ ಶಿಕ್ಷಕರ ಶಾಲೆಯೇ ಮುಂದೆ ಟ್ರೇನಿಂಗ್ ಕಾಲೇಜೆಂದು ಪ್ರಸಿದ್ಧಿಗೆ ಬಂದುದು. ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದ ಚುರಮರಿ ಶೇಷಗಿರಿರಾಯರೂ ಈ ಶಿಕ್ಷಕ ವರ್ಗಕ್ಕೇ ಸೇರಿದವರು. ಇಲ್ಲಿ ಕಲಿತು ಹೊರಬಿದ್ದವರು ವಕೀಲರಲ್ಲ, ಮುನಸೀಫರಲ್ಲ. ಹಳ್ಳಿಯ ಕನ್ನಡ ಶಾಲೆಯ ಮಾಸ್ತರರು. ಧಾರವಾಡದ ಚರಿತ್ರೆಯನ್ನು ಬರೆಯುವವರು ಈ ಮಾಸ್ತರರನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ.

ಇನ್ನು ಸಂಘದ ವಿಷಯ. ಇದರ ಸ್ಥಾಪನೆಗೆ ಮುಂದಾದ ರಾ. ಹ. ದೇಶಪಾಂಡೆಯವರು (1861–1931) ಎಂ. ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಪಂಡಿತರು. ಆ ಕಾಲಕ್ಕೆ ಅಂಥ ಪದವಿ ಪಡೆದವರು ಕನ್ನಡದ ಗೊಡವೆಗೆ ಹೋಗುವುದು ಅಪರೂಪ. ‘ಸಿರಿಗನ್ನಡಂ ಗೆಲ್ಗೆ’ ಎಂಬ ಘೋಷವು ಅವರದೆಂದು ಪ್ರಸಿದ್ಧವಾಗಿದೆ. ಒಳ್ಳೆಯ ಗ್ರಂಥಗಳನ್ನು ಬರೆಯಿಸುವುದು, ಬರೆದವರಿಗೆ ಬಹುಮಾನ ಕೊಡುವುದು, ಅಚ್ಚು ಹಾಕಿಸುವುದು ಸಂಘದ ಮೊದಲ ಉದ್ಯೋಗಗಳು. 1896ರಲ್ಲಿ ‘ವಾಗ್ಭೂಷಣ’ ಮಾಸಪತ್ರಿಕೆಯು ಹೊರಟಿತು. ಪತ್ರಿಕೆಯು ಓದಬಲ್ಲವನಿಗೆ, ಉಪನ್ಯಾಸವು ಕಿವಿಯುಳ್ಳವನಿಗೆಲ್ಲ. ಆದುದರಿಂದ ಸಂಘದ ಕೆಲಸಗಳಲ್ಲಿ ಉಪನ್ಯಾಸವೇ ಕ್ರಮೇಣ ಊರಿನ ನಿತ್ಯಜೀವನದೊಳಗೆ ಬೇರುಬಿಟ್ಟಿತು.

ಉಪನ್ಯಾಸವೆಂಬುದು ಪಶ್ಚಿಮದಿಂದ ಬಂದ ಪದ್ಧತಿಯೆಂದು ಕೆಲವರ ಅಭಿಪ್ರಾಯ. ನನಗೆ ಅದು ಪೂರ್ಣವಾಗಿ ಒಪ್ಪಿಗೆಯಿಲ್ಲ. ಮೇಜು, ಕುರ್ಚಿ, ಗಡಿಯಾರ, ಅಧ್ಯಕ್ಷರು ಇವಿಷ್ಟು ಪಶ್ಚಿಮದವು, ನಿಜ. ಆದರೆ ಸಂಜೆಯ ದೀಪ ಹಚ್ಚುವ ಹೊತ್ತಿಗೆ ಗುಡಿಯಲ್ಲೋ ಮಠದಲ್ಲೋ ಕೂಡಿ, ಒಬ್ಬನು ಹೇಳುವುದನ್ನು ನೂರು ಜನ ಕೇಳುವ ಅಭ್ಯಾಸವು ಈ ನೆಲಕ್ಕೆ ಹೊಸದಲ್ಲ. ಶ್ರಾವಣಮಾಸದ ಪುರಾಣ ಪ್ರವಚನಗಳನ್ನು ಕೇಳಿ ಪಳಗಿದ ಕಿವಿಗಳೇ ಸಂಘದ ಸಭೆಗೂ ಬಂದವು. ಪುರಾಣಿಕರಿಗೆ ಹಾಕುತ್ತಿದ್ದ ಹಾರವು ಉಪನ್ಯಾಸಕರ ಕೊರಳಿಗೆ ಬಂದಿತು. ಮಂಗಳಾರತಿಯ ಜಾಗದಲ್ಲಿ ಆಭಾರ ಮನ್ನಣೆಯು ಕುಳಿತಿತು. (ಆರತಿ ಬೇಗ ಮುಗಿಯುತ್ತಿತ್ತು, ಆಭಾರ ಮನ್ನಣೆಯು ಮುಗಿಯುವುದಿಲ್ಲ. ಇದೊಂದೇ ಹೊಸ ಪದ್ಧತಿಯ ದೋಷ.) ಮುಖ್ಯವಾದ ಭೇದವು ಬೇರೆಯಿದೆ. ಪುರಾಣದಲ್ಲಿ ಕೇಳುಗನು ತಲೆದೂಗುವನು. ಉಪನ್ಯಾಸದಲ್ಲಿ ಎದ್ದುನಿಂತು ಪ್ರಶ್ನೆ ಕೇಳಬಲ್ಲನು. ಪಾಠಶಾಲೆಯ ವಾಕ್ಯಾರ್ಥದಲ್ಲಿ ಪಂಡಿತರಿಗೆ ಮಾತ್ರ ಇದ್ದ ಪೂರ್ವಪಕ್ಷದ ಅಧಿಕಾರವು ಇಲ್ಲಿ ಸಾಮಾನ್ಯನಿಗೆ ದೊರೆಯಿತು.

1907ರಲ್ಲಿ ಧಾರವಾಡದಲ್ಲಿ ಗ್ರಂಥಕರ್ತರ ಸಮ್ಮೇಳನವು ಕೂಡಿತು. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಯ ಬರೆಹಗಾರರಿಗೆ ಒಬ್ಬರ ಮುಖವನ್ನೊಬ್ಬರು ಕಾಣುವ ಸಂದರ್ಭಗಳು ಆಗ ವಿರಳ. ಇದರ ಹಿಂದಿದ್ದವರಲ್ಲಿ ಆಲೂರ ವೆಂಕಟರಾಯರು ಪ್ರಮುಖರು. 1905ರಲ್ಲಿ ಹಂಪೆಯ ಹಾಳನ್ನು ಕಂಡುಬಂದ ಮೇಲೆ ಅವರ ಚಿತ್ತವು ವಕೀಲಿಯಲ್ಲಿ ನಿಲ್ಲಲಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಆಮೇಲೆ 1911. ಈ ವರುಷದ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲಬಯಸುತ್ತೇನೆ. ಮೈಸೂರು ಸೀಮೆಯಿಂದ ಇಪ್ಪತ್ತೇಳು ವರುಷದ ಒಬ್ಬ ಇಂಗ್ಲಿಷ್ ಅಧ್ಯಾಪಕರು ಸಂಘಕ್ಕೆ ಬಂದು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ವಿಷಯವಾಗಿ ಮಾತನಾಡಿದರು. ಅವರೇ ಬಿ. ಎಂ. ಶ್ರೀಕಂಠಯ್ಯನವರು. ಆ ದಿನದ ಪರಿಸ್ಥಿತಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಕನ್ನಡ ಸಾಹಿತ್ಯ ಪರಿಷತ್ತು ಆಗ ಇರಲಿಲ್ಲ, ಅದು 1915ರದು. ಮೈಸೂರು ವಿಶ್ವವಿದ್ಯಾನಿಲಯವು ಇರಲಿಲ್ಲ, ಅದು 1916ರದು. ನಮ್ಮ ಕಾಲೇಜಂತೂ 1917ರದು. ಕನ್ನಡದ ಭವಿಷ್ಯವನ್ನು ಕುರಿತು ಹೇಳಬೇಕಾದುದನ್ನು ಹೇಳುವುದಕ್ಕೆ ಮೈಸೂರಿನವರೊಬ್ಬರು ಧಾರವಾಡಕ್ಕೆ ಬಂದರು. ಏಕೆಂದರೆ ಹೇಳಿದುದನ್ನು ಕೇಳುವ ಸಭೆಯು ಇಲ್ಲಿ ಸಿದ್ಧವಾಗಿತ್ತು. ಇಂಗ್ಲಿಷನ್ನು ಕಲಿಸುವವರು ಕನ್ನಡದ ಚಿಂತೆಯನ್ನು ಕನ್ನಡದಲ್ಲಿಯೇ ಆಡಿದುದೂ ಗಮನಿಸತಕ್ಕದ್ದು. ಅಂದಿನ ಯಾವ ಕಾಲೇಜಿನ ತರಗತಿಯಲ್ಲಿಯೂ ಇಂಥ ವಿಷಯವನ್ನು ಇಂಥ ಭಾಷೆಯಲ್ಲಿ ಪಾಠವಾಗಿ ಹೇಳುವಂತಿರಲಿಲ್ಲ. ಶ್ರೀಯವರ ಮುಂದಿನ ಕೀರ್ತಿಯನ್ನು ನೆನೆಯುವಾಗ ನಾವು ಅವರ ಇಂಗ್ಲಿಷ್ ಗೀತಗಳಿಂದ ಮೊದಲುಮಾಡುತ್ತೇವೆ. ಈ ಸಭೆಯಲ್ಲಿ ಕುಳಿತಿದ್ದ ಹೆಸರಿಲ್ಲದ ಕೇಳುಗರಿಗೂ ಅದರಲ್ಲೊಂದು ಪಾಲು ಸಲ್ಲಬೇಕೆಂದು ನನ್ನ ಮತ.

1914ರಲ್ಲಿ ಆಲೂರರು ಇತಿಹಾಸ ಸಂಶೋಧನ ಮಂಡಲವನ್ನು ಕಟ್ಟಿದರು. 1917ರಲ್ಲಿ ಅವರ ‘ಕರ್ನಾಟಕ ಗತವೈಭವ’ವು ಬೆಳಕು ಕಂಡಿತು. ಅದೇ ವರುಷ ಕಾಲೇಜು ಬಂದಿತು. ಅಲ್ಲಿಯವರೆಗೆ ಪದವಿ ಬೇಕಾದವನು ಪುಣೆಗೋ ಮುಂಬಯಿಗೋ ಗಂಟುಕಟ್ಟಬೇಕಾಗಿತ್ತು. ಸದರ್ನ್ ಮರಾಠಾ ರೈಲ್ವೆಯು 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಅದರ ಮುಖ್ಯ ಕಚೇರಿಯು ಮದ್ರಾಸಿಗೆ ಹೋದುದರಿಂದ ಇಲ್ಲಿಯ ಭವ್ಯವಾದ ಕಟ್ಟಡವು ಬರಿದಾಗಿತ್ತು. ಅದೇ ಕಾಲೇಜಿಗೆ ನೆಲೆಯಾಯಿತು. ರೈಲಿನವರು ಬಿಟ್ಟುಹೋದ ಮನೆಯಲ್ಲಿ ಸರಸ್ವತಿಯು ಬಿಡಾರ ಮಾಡಿದಳೆಂದು ಹಳಬರು ನಗೆಯಾಡುತ್ತಿದ್ದರು. ಮರುವರುಷವೇ, 1918ರಲ್ಲಿ, ಆರ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ಧಾರವಾಡದಲ್ಲಿ ನೆರೆಯಿತು. ಮೊದಲ ಮೂರು ಸಮ್ಮೇಳನಗಳು ಬೆಂಗಳೂರು ಮೈಸೂರುಗಳಲ್ಲಿ ಆಗಿದ್ದವು; ಆ ಸಂಸ್ಥಾನದ ಎಲ್ಲೆಯನ್ನು ದಾಟಿ ಸಮ್ಮೇಳನವು ಹೊರಗೆ ಬಂದುದು ಇದೇ ಮೊದಲು.

ಕಾಲೇಜು ಬಂದಿತೆಂದು ಊರಿನ ಪಾಠ ನಿಲ್ಲಲಿಲ್ಲ. ಕಾಲೇಜಿನ ಒಳಗೆ ಪಾಠವು ಇಂಗ್ಲಿಷಿನಲ್ಲಿ. ಗೇಟಿನ ಹೊರಗೆ ಮಾತು ಕನ್ನಡದಲ್ಲಿ. ಇಪ್ಪತ್ತರ ದಶಕದಲ್ಲಿ ದ. ರಾ. ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪು ಈ ಎರಡು ಲೋಕಗಳನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿತು. ಕಾಲೇಜಿನ ವಿದ್ಯಾರ್ಥಿಯಾಗಿದ್ದ ವಿ. ಕೃ. ಗೋಕಾಕರೂ ಅಲ್ಲಿದ್ದರು, ಕಾಲೇಜಿನ ಮೆಟ್ಟಿಲನ್ನು ಹತ್ತದ ಶಂ. ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮರಂಥವರೂ ಇದ್ದರು. ನವರಾತ್ರಿಯಲ್ಲಿ ನಾಡಹಬ್ಬವನ್ನು ಆಚರಿಸಿ, ದಿನಕ್ಕೊಂದರಂತೆ ವ್ಯಾಖ್ಯಾನ, ಕವಿತಾವಾಚನಗಳನ್ನು ಇಡುವ ಪದ್ಧತಿಯು ಇವರ ಕಾಲದಲ್ಲಿ ಬಲಿತು ಊರೂರಿಗೆ ಹಬ್ಬಿತು. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ ಮೇಲೆ ಅದರ ‘ಅಟ್ಟ’ವು ಮತ್ತೊಂದು ತರಗತಿಯಾಯಿತು.

ಶಂಬಾ ಅವರ ವಿಷಯವನ್ನು ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ಬಾಳನ್ನು ತೊಡಗಿದವರು. ಮುಂದೆ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕನ್ನಡವನ್ನು ಕಲಿಸಿದರು. ಕನ್ನಡ ನುಡಿಯ ಹಬ್ಬುಗೆಯನ್ನು ಊರಹೆಸರುಗಳಲ್ಲಿ ಹುಡುಕುತ್ತ ಗೋದಾವರಿಯ ಆಚೆಗೂ ಕೈಚಾಚಿದ ಸಂಶೋಧಕರು. ಅವರ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅವರ ನಿಗಮನಗಳನ್ನೆಲ್ಲ ನಾನು ಒಪ್ಪಿದವನಲ್ಲ. ಶಬ್ದವ್ಯುತ್ಪತ್ತಿಯಲ್ಲಿ ಅವರು ಕೆಲವೆಡೆ ಪಾಣಿನಿಯವರ ಅಪ್ಪಣೆಯನ್ನು ಕೇಳದೆಯೇ ನಡೆಯುತ್ತಾರೆ. ಆದರೂ ಇಂಥವರನ್ನು ರೂಪಿಸಿದ ವಿದ್ಯಾಲಯ ಯಾವುದೆಂದು ಯಾರಾದರೂ ಕೇಳಿದರೆ ಧಾರವಾಡದ ಓಣಿ, ವಾಚನಾಲಯ, ಗೆಳೆಯರ ಜಗುಲಿ ಇವುಗಳನ್ನೇ ತೋರಿಸಬೇಕು.

ಇಷ್ಟು ಹೊಗಳಿದ ಮೇಲೆ ಕುಂದನ್ನೂ ಹೇಳುವುದು ಇತಿಹಾಸದ ಧರ್ಮ. ಈ ಊರಪಾಠಶಾಲೆಯ ಬಾಗಿಲು ತೆರೆದಿತ್ತೆಂಬುದು ಸತ್ಯ. ಎಲ್ಲರೂ ಒಳಗೆ ಬಂದರೆಂಬುದು ಸತ್ಯವಲ್ಲ. ವಾರಾನ್ನದ ಹುಡುಗನಿಗೆ ಊಟ ಹಾಕಿದ ಮನೆಗಳು ಅವನ ಜಾತಿಯನ್ನು ಮೊದಲು ಕೇಳುತ್ತಿದ್ದವು. ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯವನ್ನು ನಡೆಯಿಸಿರದಿದ್ದರೆ ಹಳ್ಳಿಯ ಎಷ್ಟೋ ಮಕ್ಕಳು ಈ ಊರಿನ ಶಾಲೆಗಳ ಮುಖವನ್ನೇ ಕಾಣುತ್ತಿರಲಿಲ್ಲ. ಉಪನ್ಯಾಸಗಳ ಭಾಷೆಯೂ ಪಂಡಿತರಿಗೆ ಹಿತವಾಗುವಷ್ಟು ರೈತರಿಗೆ ಆಗುತ್ತಿರಲಿಲ್ಲ. ನನ್ನಂಥವರ ಬರೆವಣಿಗೆಗೂ ಈ ಆಕ್ಷೇಪಣೆಯು ಸಲ್ಲುತ್ತದೆ. ಹೆಂಗಸರಂತೂ ಬಹುಕಾಲ ಈ ಸಭೆಗಳಲ್ಲಿ ಬೆರಳೆಣಿಕೆಯಷ್ಟು.

1949ರಲ್ಲಿ ಸ್ಥಾಪಿತವಾಗಿ ಮರುವರುಷ ಮುಂಬಯಿಯಿಂದ ಇಲ್ಲಿಗೆ ಬಂದ ಕರ್ನಾಟಕ ವಿಶ್ವವಿದ್ಯಾಲಯವು ತನ್ನ ಪ್ರಸಾರಾಂಗದ ಮೂಲಕ ಉಪನ್ಯಾಸಗಳನ್ನು ಸಣ್ಣ ಪುಸ್ತಕಗಳಾಗಿ ಹೊರತಂದಿತು. 1950ರ ಜನವರಿ 8ರಂದು ಆರಂಭವಾದ ಆಕಾಶವಾಣಿಯು ಮಾತನ್ನು ಮನೆಮನೆಗೆ ಒಯ್ದಿತು. ಹೊರಗೆ ಬಂದು ಜನರಿಗೆ ತಿಳಿಯುವಂತೆ ಹೇಳುವ ಈ ಪಾಠವನ್ನು ಊರು ಕಾಲೇಜಿಗೆ ಕಲಿಸಿತೇ ಹೊರತು ಕಾಲೇಜು ಊರಿಗೆ ಕಲಿಸಿದುದಲ್ಲ. ಸಂಘದಲ್ಲಿ ದತ್ತಿ ಉಪನ್ಯಾಸಗಳು ಇಂದಿಗೂ ನಡೆಯುತ್ತಿವೆ. ಹಿಂದಿನ ಸಾಲುಗಳಲ್ಲಿ ನನ್ನ ವಯಸ್ಸಿನವರೇ ಹೆಚ್ಚು.

ಹಳ್ಳಿಯ ಮಾಸ್ತರರ ಮಾತನ್ನು ಮೇಲೆ ಎತ್ತಿದೆನಷ್ಟೆ. ಅದಕ್ಕೆ ನನ್ನ ಮನೆಯಲ್ಲಿಯೇ ಒಂದು ಸಾಕ್ಷಿಯಿದೆ. ನನ್ನ ತೀರ್ಥರೂಪರು ಟ್ರೇನಿಂಗ್ ಕಾಲೇಜಿನಲ್ಲಿ ತರಬೇತಿ ಹೊಂದಿ ಅಮ್ಮಿನಭಾವಿಯ ಕಡೆಯ ಹಳ್ಳಿಯಲ್ಲಿ ಕನ್ನಡ ಶಾಲೆಯ ಶಿಕ್ಷಕರಾಗಿದ್ದರು. ಉಪನ್ಯಾಸವಿದ್ದ ದಿನ ಶಾಲೆ ಬಿಟ್ಟೊಡನೆ ಸೈಕಲ್ಲನ್ನೇರಿ ಧಾರವಾಡಕ್ಕೆ ಹೋಗಿ, ರಾತ್ರಿ ಹಿಂದಿರುಗುವರು. ಕೇಳಿದುದನ್ನು ಅರಿವೆಯ ರಟ್ಟಿನ ಒಂದು ವಹಿಯಲ್ಲಿ ಬರೆದಿಡುವರು. 1950ರ ದಶಕದ ಆ ವಹಿ ಈಗಲೂ ನನ್ನ ಬಳಿ ಇದೆ. ಹಳಗನ್ನಡ ಕಾವ್ಯ, ಬಾದಾಮಿಯ ಚಾಲುಕ್ಯರು, ಬೆಳೆಗೆ ಬೀಳುವ ಕಾಡಿಗೆ ರೋಗ, ಎಲ್ಲವೂ ಅದರಲ್ಲಿವೆ. ಪ್ರತಿ ಟಿಪ್ಪಣಿಯ ಕೆಳಗೆ ಅದನ್ನು ಯಾವ ತರಗತಿಯ ಮಕ್ಕಳಿಗೆ ಯಾವ ದಿನ ಹೇಳಿದೆನೆಂದು ನಮೂದಿಸಿದ್ದಾರೆ. ನನ್ನ ತಾಯಿಯವರು ತಮ್ಮ ಜೀವಮಾನದಲ್ಲಿ ಒಂದು ಉಪನ್ಯಾಸಕ್ಕೂ ಹೋದವರಲ್ಲ. ಓದು ಬರೆಹವೂ ಅವರಿಗೆ ಬರುತ್ತಿರಲಿಲ್ಲ. ರಾತ್ರಿ ಊಟ ಬಡಿಸುವಾಗ ತಂದೆಯವರು ಅವರಿಗೆ ಎಲ್ಲವನ್ನೂ ಹೇಳುತ್ತಿದ್ದರೆಂಬುದು ವಹಿಯಿಂದಲೇ ತಿಳಿಯುತ್ತದೆ. ಹಲವು ಪುಟಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಇವಳ ಪ್ರಶ್ನೆ’ ಎಂದು ಬರೆದು ಎದುರಿಗೆ ಒಂದೊಂದು ಸಾಲು ಇದೆ. ಚಾಲುಕ್ಯರ ಪುಟದ ಅಂಚಿನಲ್ಲಿರುವುದು ಇದು: ಅಷ್ಟು ದೊಡ್ಡ ಗುಡಿ ಕಡಿಯುವವರಿಗೆ ಬುತ್ತಿ ಕಟ್ಟಿದವರಾರು? ಅದರ ಮುಂದೆ ತಂದೆಯವರು ಉತ್ತರಕ್ಕೆಂದು ಎರಡು ಸಾಲಿನಷ್ಟು ಜಾಗ ಬಿಟ್ಟಿದ್ದಾರೆ. ಅದು ಹಾಗೆಯೇ ಖಾಲಿ ಇದೆ.