ಜಕ್ಕಿಯಬ್ಬೆ: ಒಂದು ಹೆಸರಿನ ವಿಚಾರ

ಬಂದಳಿಕೆಯ ಜಕ್ಕಿಯಬ್ಬೆಯ ವೃತ್ತಾಂತವು ಶಾಸನಾಭ್ಯಾಸಿಗಳಿಗೆ ಸುಪರಿಚಿತವಾದುದರಿಂದ ಅದನ್ನು ಮೊದಲಿನಿಂದ ಹೇಳುವ ಅಗತ್ಯವಿಲ್ಲ. ರಾಷ್ಟ್ರಕೂಟರ ಆಳ್ವಿಕೆಯಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡ ಮೇಲೆ ಆ ಪದವಿಯು ಅವನ ಪತ್ನಿಗೆ ದೊರೆತುದು, ಆಕೆ ಅದನ್ನು ಸಮರ್ಥವಾಗಿ ನಿರ್ವಹಿಸಿದುದು, ರೋಗಪೀಡಿತೆಯಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ತೀರ್ಥದಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದುದು, ಇವೆಲ್ಲ ರೈಸ್ ಮಹಾಶಯರು ೧೯೦೨ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ೨೧೯ ಎಂಬ ಸಂಖ್ಯೆಯಿಂದ ಪ್ರಕಟಿಸಿದ, ಕ್ರಿ.ಶ. ೯೧೮ರದೆಂದು ಗಣಿಸಲ್ಪಟ್ಟಿರುವ ಶಾಸನದಲ್ಲಿ ಇವೆ. ಆಕೆಯ ಆಡಳಿತ, ಆಕೆಯ ವ್ರತ, ಇವುಗಳ ಮೇಲೆ ಲೇಖನಗಳು ಬಂದಿವೆ. ಆಕೆಯ ಹೆಸರಿನ ವಿಷಯವನ್ನು ಮಾತ್ರ ಹೆಚ್ಚಿನವರು ಮುಟ್ಟದೆ ಬಿಟ್ಟಿದ್ದಾರೆ. ಮುಟ್ಟಿದ ಒಬ್ಬಿಬ್ಬರು ತಪ್ಪಿದ್ದಾರೆ.

ಈ ಲೇಖನಕ್ಕೆ ಪ್ರೇರಣೆಯಾದುದು ಅಂತಹ ಒಂದು ತಪ್ಪು. ಶಿವಮೊಗ್ಗೆಯ ಕೋಟೆಯಲ್ಲಿ ನಮ್ಮ ನೆರೆಯ ಮನೆಯವರು ತಮ್ಮ ಹೆಣ್ಣುಮಗುವಿಗೆ ಈ ಜಿಲ್ಲೆಯದೇ ಆದ ಒಂದು ಪ್ರಾಚೀನನಾಮವನ್ನಿಡಬೇಕೆಂದು ಬಯಸಿ ಜಕ್ಕಿಯಬ್ಬೆ ಎಂಬುದರ ಅರ್ಥವನ್ನು ವಿಚಾರಿಸಿದಾಗ, ನನಗೆ ಗುರುಸಮಾನರಾದ ಹಿರಿಯರೊಬ್ಬರು ಅದು 'ಜಕ್ಕವಕ್ಕಿ'ಯಿಂದ, ಎಂದರೆ ಚಕ್ರವಾಕಪಕ್ಷಿಯಿಂದ, ಬಂದ ಹೆಸರೆಂದೂ, ಪತಿವಿಯೋಗವನ್ನು ಅನುಭವಿಸಿದ ಆ ಸಾಧ್ವಿಗೆ ಇರುಳೆಲ್ಲ ಜೊತೆಯನ್ನಗಲಿರುವ ಹಕ್ಕಿಯ ಹೆಸರು ಅನ್ವರ್ಥವಾಯಿತೆಂದೂ ಅಪ್ಪಣೆ ಕೊಡಿಸಿದರು. ಮಗುವಿನ ಅಜ್ಜಿ ಅದನ್ನು ಕೇಳಿ, ಅಗಲಿಕೆಯ ಹೆಸರು ನಮ್ಮ ಕೂಸಿಗೆ ಬೇಡವೆಂದು ಹೇಳಿ ಎದ್ದುಹೋದರು. ಆ ಹಿರಿಯರಿಂದ ನಾನು ಶಾಸನಗಳನ್ನು ಓದಲು ಕಲಿತವನು. ಅವರ ಮಾತನ್ನು ಖಂಡಿಸುವುದು ನನಗೆ ಸುಲಭವಾದ ಕೆಲಸವಲ್ಲ. ಆದರೆ ಅರ್ಥವೊಂದು ತಪ್ಪಿದುದರಿಂದ ಸಾವಿರ ವರ್ಷಗಳ ಹೆಸರೊಂದು ಮನೆಯ ಬಾಗಿಲವರೆಗೆ ಬಂದು ಹಿಂದಿರುಗುವುದಾದರೆ ಸುಮ್ಮನಿರುವುದು ಸಾಧ್ಯವಿಲ್ಲ.

ಮೊದಲನೆಯದಾಗಿ, ಹೆಸರನ್ನಿಡುವುದು ತೊಟ್ಟಿಲಲ್ಲಿ. ನಾಗಾರ್ಜುನನ ಮರಣದಿಂದ ಆಕೆಗೆ ಒದಗಿದ ವೈಧವ್ಯವನ್ನು ಆಕೆಯ ತಾಯಿತಂದೆಗಳು ಎಳೆಗೂಸಿನ ಮುಖದಲ್ಲಿ ಕಂಡಿದ್ದರೆಂದು ನಂಬುವುದು ಹೇಗೆ? ಬಾಳಿನ ಕೊನೆಯನ್ನು ತಿಳಿದ ನಾವು ಆ ತಿಳಿವನ್ನು ಹಿಂದಕ್ಕೆ ಒಯ್ದು ಹೆಸರಿನೊಳಗೆ ಇಡುತ್ತಿದ್ದೇವೆ.

ಇದಕ್ಕಿಂತ ಮುಖ್ಯವಾದುದು ಶಬ್ದದ ಸಾಕ್ಷ್ಯ. ಅದರಲ್ಲಿಯೂ ಒಂದು ಸ್ವರದ ಸಾಕ್ಷ್ಯ. ಚಕ್ರವಾಕದಿಂದ ಬಂದ 'ಜಕ್ಕವಕ್ಕಿ'ಯಲ್ಲಿ 'ಜಕ್ಕ' ಎಂಬ ಭಾಗವು ಅಕಾರಾಂತ. ಇಕಾರವು ಇರುವುದು ಇಡೀ ಪದದ ತುದಿಯಲ್ಲಿ. (ಆ 'ವಕ್ಕಿ'ಯಾದರೂ ಮೂಲದ 'ವಾಕ'ವೇ, 'ಎಣೆವಕ್ಕಿ'ಯಂತಹ ಮಾತುಗಳ ಸಹವಾಸದಿಂದ ಅದು ಹಕ್ಕಿಯಂತೆ ಕಿವಿಗೆ ಕೇಳಿಸುತ್ತದೆ.) ಆ ಪದಕ್ಕೆ 'ಅಬ್ಬೆ' ಸೇರಿದ್ದರೆ 'ಜಕ್ಕವಕ್ಕಿಯಬ್ಬೆ' ಎಂದಾಗಬೇಕಿತ್ತು, ಮೊದಲ ಭಾಗಕ್ಕೆ ಮಾತ್ರ ಸೇರಿದ್ದರೆ ಲೋಪಸಂಧಿಯಾಗಿ 'ಜಕ್ಕಬ್ಬೆ' ಎಂದಾಗಬೇಕಿತ್ತು. ಶಾಸನದಲ್ಲಿರುವುದು ಈ ಎರಡೂ ಅಲ್ಲ. 'ಜಕ್ಕಿ' ಎಂಬ ಇಕಾರಾಂತಕ್ಕೆ 'ಅಬ್ಬೆ' ಸೇರಿ, ನಡುವೆ ಯಕಾರಾಗಮವಾಗಿ, 'ಜಕ್ಕಿಯಬ್ಬೆ' ಎಂದಾಗಿದೆ. ಹಾಗಾದರೆ ಸ್ತ್ರೀಲಿಂಗದ ಈ 'ಜಕ್ಕಿ' ಯಾವುದು? ಯಮನು ಜವನಾದಂತೆ, ಯೋಗಿ ಜೋಗಿಯಾದಂತೆ, ಯಾತ್ರೆ ಜಾತ್ರೆಯಾದಂತೆ ಪದಾದಿಯ ಯಕಾರವು ಜಕಾರವಾಗುವುದೂ, ಪಕ್ಷ ಪಕ್ಕವಾದಂತೆ, ರಾಕ್ಷಸ ರಕ್ಕಸನಾದಂತೆ ಕ್ಷಕಾರವು ಕಕಾರದ ಒತ್ತಾಗುವುದೂ ಕೇಶಿರಾಜನ ಅಪಭ್ರಂಶಪ್ರಕರಣವನ್ನು ಓದಿದ ವಿದ್ಯಾರ್ಥಿಗೆ ತಿಳಿದ ವಿಷಯ. ಯಕ್ಷನು ಜಕ್ಕ, ಯಕ್ಷಿಯು ಜಕ್ಕಿ. ಕೆಂಚ, ಕೆಂಚಿ, ನಾಗ, ನಾಗಿ, ಹಾಗೆಯೇ ಜಕ್ಕ, ಜಕ್ಕಿ. ಗಂಡಸರಲ್ಲಿ ಜಕ್ಕಯ್ಯ, ಜಕ್ಕಣ ಎಂಬ ಹೆಸರುಗಳು ಇದೇ ಕುಲದವು.

ಇಕಾರವು ಬರಿಯ ಮುದ್ದಿನ ಮೊಟಕು ರೂಪವಾಗಿರಬಾರದೇಕೆಂದು ಆಕ್ಷೇಪಿಸಬಹುದು. ಆಗಿರಬಹುದು, ಆದರೆ ವ್ಯಾಕರಣವು ನೇರವಾದ ದಾರಿಯನ್ನು ತೋರಿಸುತ್ತಿರುವಾಗ ಮುದ್ದನ್ನು ಪ್ರಮಾಣವಾಗಿ ತರುವವರು ಅದಕ್ಕೆ ಒಂದು ಶಾಸನಾಧಾರವನ್ನಾದರೂ ತೋರಿಸತಕ್ಕುದು. ಜಕ್ಕಿಯಬ್ಬೆಯು ಜಿನಭಕ್ತೆ ಎಂಬುದನ್ನೂ ಮರೆಯಲಾಗದು. ಆಕೆಯ ನಾಡಿನ ಸುತ್ತಮುತ್ತಲೇ ಯಕ್ಷಿಯರ ಆರಾಧನೆಯು ಇಂದಿಗೂ ಜೀವಂತವಾಗಿದೆ: ಹೊಂಬುಜದಲ್ಲಿ ಪಾರ್ಶ್ವನಾಥನ ಯಕ್ಷಿ ಪದ್ಮಾವತಿ, ಭದ್ರಾವತಿಯ ನೆರೆಯ ನರಸಿಂಹರಾಜಪುರದಲ್ಲಿ ಚಂದ್ರಪ್ರಭನ ಯಕ್ಷಿ ಜ್ವಾಲಾಮಾಲಿನಿ. ಬಂದಳಿಕೆಯ ಶಾಸನವಾದ ಸುಮಾರು ಎರಡು ದಶಕಗಳಿಗೆ, ೯೩೯ರಲ್ಲಿ, ಇಂದ್ರನಂದಿಯು ಮಾನ್ಯಖೇಟದಲ್ಲಿ ಜ್ವಾಲಾಮಾಲಿನೀಕಲ್ಪವನ್ನು ರಚಿಸಿದನು. ಹೆಣ್ಣುಮಗುವಿಗೆ ಯಕ್ಷಿಯ ಹೆಸರನ್ನಿಟ್ಟು 'ಅಬ್ಬೆ' ಎಂದು, ತಾಯಿ ಎಂದು, ಕರೆಯುವುದು ಆ ಕಾಲದ ಶ್ರಾವಕರ ಮನೆಯಲ್ಲಿ ಎಷ್ಟು ಸಹಜ!

ಇನ್ನೊಂದು ಗೊಂದಲವನ್ನು ಇಲ್ಲಿಯೇ ತೀರಿಸಿಬಿಡುತ್ತೇನೆ. ಶ್ರವಣಬೆಳಗೊಳದ ಜಕ್ಕಿಕಟ್ಟೆಯನ್ನು ಕಟ್ಟಿಸಿದವಳು ಈಕೆಯೇ ಎಂದು ಕೆಲವರು ಹೇಳುತ್ತಾರೆ. ಅದನ್ನು ಕಟ್ಟಿಸಿದವಳು ಇದೇ ಬಗೆಯ ಹೆಸರಿನ ಬೇರೊಬ್ಬಳು: ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ಅತ್ತಿಗೆ, ಬೊಪ್ಪದೇವನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಇಬ್ಬರ ನಡುವೆ ಇನ್ನೂರು ವರ್ಷಗಳಿವೆ. ಶ್ರವಣಬೆಳಗೊಳದ ಶಾಸನಗಳನ್ನು ಆರ್. ನರಸಿಂಹಾಚಾರ್ಯರು ಅಷ್ಟು ಶ್ರಮದಿಂದ ಸಂಪಾದಿಸಿಕೊಟ್ಟ ಮೇಲೂ ಇಂತಹ ಮಾತು ಕೇಳಬೇಕಾಗಿರುವುದು ದುಃಖದ ವಿಷಯ. ಆದರೆ ಈ ಗೊಂದಲದಿಂದಲೇ ಒಂದು ಸಂಗತಿ ಹೊಳೆಯುತ್ತದೆ: ಹೆಸರು ಒಬ್ಬಳದಲ್ಲ, ಒಂದು ಯುಗದ್ದು. ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ರಾಣಿ, ರಾಷ್ಟ್ರಕೂಟ ಕುಲದ ಜಾಕವ್ವೆ, ಹುಟ್ಟಿದ್ದು ಈ ನಡುವಣ ಕಾಲದಲ್ಲಿ. ಆಕೆಯ ಹೆಸರೂ ಈ ಬಳ್ಳಿಯದೇ ಎಂದು ನಾನು ತಿಳಿಯುತ್ತೇನೆ.

ಅಷ್ಟು ಜನಪ್ರಿಯವಾದ ಹೆಸರು ವಿರಳವಾದುದೇಕೆ? 'ಅಬ್ಬೆ'ಯು 'ಅವ್ವೆ'ಯಾಗಿ 'ಅವ್ವ'ವಾದಾಗ ಅತ್ತಿಮಬ್ಬೆ, ಅಬ್ಬಲಬ್ಬೆಗಳಂತಹ ಹೆಸರುಗಳೆಲ್ಲ ಹಳತಾದುವು. ಅದು ಒಂದು ಕಾರಣ. ನನ್ನ ಅಭಿಪ್ರಾಯದಲ್ಲಿ ಬಲವತ್ತರವಾದ ಕಾರಣ ಬೇರೆ. ಯಕ್ಷಿಣಿಯಿಂದಲೇ ಬಂದ 'ಜಕ್ಕಿಣಿ' ಎಂಬ ಮಾತು ಜನರ ಬಾಯಲ್ಲಿ ಮುತ್ತೈದೆಯಾಗಿ ಸತ್ತು ಮನೆಯನ್ನು ಕಾಡುವ ಹೆಣ್ಣಿನ ಪ್ರೇತವೆಂಬ ಅರ್ಥವನ್ನು ಪಡೆಯಿತು. ಕಾಯುವ ದೇವತೆ ಕಾಡುವ ದೆವ್ವವಾದಳು. ಅಂತಹ ಹೆಸರನ್ನು ತೊಟ್ಟಿಲಿಗೆ ತರಲು ಯಾವ ತಾಯಿ ಒಪ್ಪಿಯಾಳು? ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ 'ಜಕ್ಕವ್ವ' ಇನ್ನೂ ಉಳಿದಿದ್ದಾಳೆ. ನಮ್ಮ ಕೋಟೆಯ ಬೀದಿಗಳಲ್ಲಿ ನಾನು ಆ ಹೆಸರನ್ನು ಒಮ್ಮೆಯೂ ಕೇಳಿಲ್ಲ.

ಶಿವಮೊಗ್ಗೆ, ಭದ್ರಾವತಿ, ಶಿಕಾರಿಪುರ, ಸೊರಬಗಳ ಓದುಗರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ತಮ್ಮ ಮನೆಯ ವಂಶಾವಳಿಯಲ್ಲಿಯೋ, ಹಳೆಯ ಕಡತದಲ್ಲಿಯೋ, ಮುತ್ತಜ್ಜಿಯರ ನೆನಪಿನಲ್ಲಿಯೋ ಜಕ್ಕವ್ವ, ಜಕ್ಕಮ್ಮ, ಜಕ್ಕಿ ಎಂಬ ಹೆಸರು ಕಂಡುಬಂದರೆ ಊರಿನ ಹೆಸರನ್ನೂ ತಲೆಮಾರನ್ನೂ ಬರೆದಿಡಿರಿ. ಹೇಳಬಲ್ಲ ಹಿರಿಯರು ಇರುವಾಗಲೇ ಬರೆದಿಡಿರಿ.