ತುಳುನಾಡಿನ ಮೃಣ್ಮೂರ್ತಿಗಳು: ಮಂಗಲ್ಪಾಡಿಯ ಆಸುಪಾಸಿನಿಂದ ಒಂದು ವಿವೇಚನೆ

ಉಪ್ಪಳ ಹೊಳೆ, ಶಿರಿಯಾ ಹೊಳೆಗಳ ನಡುವಣ ಮಂಗಲ್ಪಾಡಿಯ ಸೀಮೆಯಲ್ಲಿ ಮುರಕಲ್ಲಿನ ಗುಡ್ಡಗಳ ಬುಡದ ಬೈಲುಗಳಿಂದ ಜೇಡಿಮಣ್ಣನ್ನು ತಂದು, ಹದಗೊಳಿಸಿ, ತಿಗರಿಯ ಮೇಲೆ ಮಡಕೆ ಕುಡಿಕೆಗಳನ್ನು ರೂಪಿಸಿ ಆವಿಗೆಯಲ್ಲಿ ಸುಡುತ್ತಿದ್ದ ಕುಲಾಲರ ವೃತ್ತಿಯು ಈ ಕರಾವಳಿಯ ಅತ್ಯಂತ ಪ್ರಾಚೀನ ಕಸುಬುಗಳಲ್ಲೊಂದು. ಇವರಲ್ಲಿ ತುಳುವರು ಅಳಿಯಸಂತಾನವನ್ನೂ ಕನ್ನಡಿಗರು ಮಕ್ಕಳ ಸಂತಾನವನ್ನೂ ಅನುಸರಿಸುವರೆಂದು ಸ್ಟರಕ್ ಮಹಾಶಯನ 1894ರ ದಕ್ಷಿಣ ಕನ್ನಡ ಕೈಪಿಡಿಯು ತಿಳಿಸುತ್ತದೆ. ದಾಯಕ್ರಮವನ್ನು ಇಷ್ಟು ಶ್ರದ್ಧೆಯಿಂದ ವಿಚಾರಿಸಿದ ಆ ಕಾಲದ ಅಧಿಕಾರಿಗಳು, ಅದೇ ಕೈಗಳಿಂದ ಮೂಡಿದ ಗೊಂಬೆಗಳನ್ನು ಅಷ್ಟೇ ಆಸ್ಥೆಯಿಂದ ನೋಡಿದ್ದರೆ ಇತಿಹಾಸಕಾರನ ಶ್ರಮ ಎಷ್ಟೋ ಹಗುರವಾಗುತ್ತಿತ್ತು.

ಮಣ್ಣಿನ ಪ್ರತಿಮೆ ಇಲ್ಲಿ ಸಂಗ್ರಹಿಸತಕ್ಕ ವಸ್ತುವಾಗಿರದೆ ಸಮರ್ಪಿಸತಕ್ಕ ವಸ್ತುವಾಗಿದ್ದುದೇ ಅದರ ಚರಿತ್ರೆ ಚದರಿಹೋದುದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಮೂಡುಬಿದಿರೆಯ ಸಮೀಪದ ಮೂಡುಕೊಣಾಜೆಯ ಶಿಲಾಸಮಾಧಿಗಳ ಬಳಿ ದೊರೆತ ಸುಟ್ಟ ಮಣ್ಣಿನ ಗೂಳಿ, ನವಿಲು, ಕುದುರೆ, ಮಾತೃದೇವತೆಗಳ ಪುಟ್ಟ ಪ್ರತಿಮೆಗಳನ್ನು ಸಂಶೋಧಕ ಟಿ. ಮುರುಗೇಶಿಯವರು ಕ್ರಿ.ಪೂ. 800–700ರ ಕಾಲದವೆಂದು ಅಂದಾಜಿಸಿದ್ದಾರೆ. ಅವು ಉಳಿದುಬಂದುದು ಮೃತರ ಆಶ್ರಯದಲ್ಲಿ.

ಚೀನದ ಕ್ಯಾಂಟನ್ ಪ್ರಾಂತದ ಷಿವಾನಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ಗತಿ ಕಾಣುತ್ತದೆ. ಮಿಂಗ್ ಅರಸರ ಕಾಲದಿಂದ ಇಂದಿನವರೆಗೂ ಉರಿಯುತ್ತಿರುವ ಅಲ್ಲಿನ ನಾನ್‌ಫೆಂಗ್ ಆವಿಗೆಯ ಪರಂಪರೆಯಲ್ಲಿ, ಉಡುಗೆಗೆ ಮೆರುಗು ಬಳಿದು ಮುಖ ಕೈಗಳನ್ನು ಬರಿಯ ಮಣ್ಣಾಗಿಯೇ ಉಳಿಸುವ ಮಾನವಪ್ರತಿಮೆಗಳು ದೇವಾಲಯಗಳ ಛಾವಣಿಯ ಏಣನ್ನೇರಿ ನಾಟಕದ ಪಾತ್ರಗಳಂತೆ ನಿಂತವು. ನಮ್ಮಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯ ಹಂಚು ಮಾಡುಗಳನ್ನೆಲ್ಲ ಆಕ್ರಮಿಸಿತೇ ಹೊರತು, ಆ ಮಾಡಿನ ಮೇಲೆ ಗೊಂಬೆಗಳ ಸಂಸಾರವೊಂದು ನೆಲೆಯೂರಲಿಲ್ಲ.

ಗೊಂಬೆಗಳು ನೆಲೆಸಿದುದು ಬನದಲ್ಲಿ. ಬೆಳ್ತಂಗಡಿ ತಾಲೂಕಿನ ನಡ ಗ್ರಾಮದ ಸುರ್ಯ ಸದಾಶಿವರುದ್ರನ ಸನ್ನಿಧಿಯಲ್ಲಿ ಸಂತಾನಾರ್ಥಿ ಮಣ್ಣಿನ ಶಿಶುವನ್ನೂ, ರೋಗಿ ತನ್ನ ಬೇನೆಯ ಅಂಗವನ್ನೂ, ಸೂರಿಲ್ಲದವನು ಮನೆಯನ್ನೂ, ಈಚಿನವರು ವಾಹನವನ್ನೂ ಒಪ್ಪಿಸುತ್ತಾರೆ. ಹರಕೆ ಬನದಲ್ಲಿ ರಾಶಿಬಿದ್ದ ಆ ಆಕೃತಿಗಳು ಮಳೆಗೆ ಪಾಚಿಗಟ್ಟಿ, ಮುಕ್ಕಾಗಿ, ಒಂದರಡಿಯಲ್ಲೊಂದು ಹುದುಗುತ್ತವೆ. ಮಾಡಿದವನ ಹೆಸರು ಯಾವುದರ ಮೇಲೂ ಇಲ್ಲ. ಆದರೆ ಜನರ ಬಯಕೆಗಳ ಚರಿತ್ರೆಯನ್ನು ಬರೆಯಹೊರಡುವವನಿಗೆ ಇದಕ್ಕಿಂತ ಪ್ರಾಮಾಣಿಕವಾದ ದಫ್ತರ ಬೇರೆಲ್ಲಿ ದೊರೆತೀತು?

ಮಂಗಲ್ಪಾಡಿಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಕುಂಬಳೆಯ ಬಳಿಯ ಅನಂತಪುರದ ಸರೋವರಮಧ್ಯದ ದೇಗುಲ. ಅಲ್ಲಿಯ ಪೂರ್ವಮೂರ್ತಿಗಳು ಶಿಲೆಯವಲ್ಲ, ಲೋಹದವಲ್ಲ, ಕಡುಶರ್ಕರಯೋಗದವು. ಮರದ ಶೂಲಗಳಿಂದ ಅಸ್ಥಿಪಂಜರವನ್ನು ಕಟ್ಟಿ, ನಾರಿನ ಹುರಿಗಳನ್ನು ನಾಡಿಗಳಂತೆ ಸುತ್ತಿ, ಬಗೆಬಗೆಯ ಮಣ್ಣು, ಅಂಟು, ಕಷಾಯಗಳ ಪಾಕವನ್ನು ಮಾಂಸದಂತೆ ತುಂಬುವ ಈ ವಿಧಾನದಲ್ಲಿ ಆವಿಗೆಯ ಸುಡುವಿಕೆಗೆ ಸ್ಥಾನವಿಲ್ಲವಾದ್ದರಿಂದ, ಇದನ್ನು ಕುಂಬಾರಿಕೆಯ ಇತಿಹಾಸದಲ್ಲಿ ಸೇರಿಸುವುದು ಅತಿವ್ಯಾಪ್ತಿಯೆಂದು ಶುದ್ಧವಾದಿಗಳು ಆಕ್ಷೇಪಿಸಬಹುದು. ಮಣ್ಣಿಗೆ ದೇಹವನ್ನು ಕೊಡುವ ಕೌಶಲವೇ ಇಲ್ಲಿ ನಮ್ಮ ಪ್ರಕೃತವಾದುದರಿಂದ ಆ ಆಕ್ಷೇಪಕ್ಕೆ ನಾನು ಹೆಚ್ಚಿನ ಬೆಲೆ ಕೊಡಲಾರೆ. ಇಂಥ ಮೂರ್ತಿ ಜಲಾಭಿಷೇಕವನ್ನು ಸಹಿಸದು. ಅರ್ಚನಾವಿಧಿಯೇ ಅದರ ಮೃದುತ್ವಕ್ಕೆ ಮಣಿಯಬೇಕು. 1972ರಲ್ಲಿ ಕಂಚಿ ಕಾಮಕೋಟಿ ಪೀಠದ ಜಯೇಂದ್ರ ಸರಸ್ವತಿಗಳು ಅನುಗ್ರಹಿಸಿದ ಪಂಚಲೋಹದ ವಿಗ್ರಹಗಳು ಅವುಗಳ ಸ್ಥಾನಕ್ಕೆ ಬಂದವು. ಲೋಹಕ್ಕೆ ನೀರಿನ ಭಯವಿಲ್ಲವೆಂಬುದು ನಿಜವಾದರೂ, ಈ ಬದಲಾವಣೆಯಲ್ಲಿ ಕಳೆದುಹೋದುದು ಬರಿಯ ಒಂದು ದ್ರವ್ಯವಲ್ಲ. ಆ ಪಾಕವನ್ನು ಬಲ್ಲ ಕೈಗಳಿಗೆ ಈ ಸೀಮೆಯಲ್ಲಿದ್ದ ಅಪೂರ್ವವಾದ ಉದ್ಯೋಗವೂ ಹೌದು.